ಪ್ರಾರ್ಥನೆ ಮನೆಯ ನ್ಯಾಯ

ನಮ್ಮ ಕೇರಿಯಲ್ಲಿ ಗಂಡ ಹೊಡೆದರೆ ಹೆಂಡತಿ ಹೋಗಿ ಹೇಳಿಕೊಳ್ಳಲು ಮೂರು ಜಾಗಗಳಿವೆ. ಒಂದು ದೈವದ ಕಟ್ಟೆ. ನಮ್ಮ ಕಡೆ ದೈವ ಎಂದರೆ ಗುಡಿಯೊಳಗಿನ ದೇವರಲ್ಲ, ನ್ಯಾಯ ಮಾಡಲು ಕೂತ ಕುಲದ ಹಿರಿಯರು. ಇನ್ನೊಂದು ಪೊಲೀಸ್ ಠಾಣೆ. ಮೂರನೆಯದು ಯೇಸುವನ್ನು ನಂಬಿದವರ ಪ್ರಾರ್ಥನೆ ಮನೆ. ನಂಬಿದವರು ದೈವದ ಕಟ್ಟೆ ಹತ್ತುವುದಿಲ್ಲ. ಅಲ್ಲಿ ದುರುಗಮ್ಮನ ಆಣೆ ಇಡಬೇಕು, ಭಂಡಾರ ಮುಟ್ಟಬೇಕು. ಠಾಣೆಯ ಮೆಟ್ಟಿಲು ಕೇರಿಯ ಹೆಣ್ಣಿಗೆ ಎಂದೂ ಸಲೀಸಾಗಿರಲಿಲ್ಲ. ಉಳಿದದ್ದು ಮೂರನೆಯ ಜಾಗ. ಅಲ್ಲಿ ಸತ್ಯವೇದ ತೆರೆದಿಟ್ಟು ಗಂಡಹೆಂಡಿರಿಗೆ ಬುದ್ಧಿ ಹೇಳುತ್ತಾರೆ. ಪಟ್ಟಣದ ಸಭೆಗಳಲ್ಲಿ ಇದಕ್ಕೆ ಕುಟುಂಬ ಸಮಾಲೋಚನೆ, ಕೌನ್ಸೆಲಿಂಗ್ ಎಂಬ ಹೆಸರುಗಳಿವೆ. ನಮ್ಮ ಹೆಂಗಸರು ‘ಪಾಸ್ಟರಣ್ಣ ಕೂಡಿಸಿ ಮಾತಾಡ್ಯಾನ’ ಎನ್ನುತ್ತಾರೆ. ನಾನು ಬರೆಯಹೊರಟಿರುವುದು ಈ ಕೂಡಿಸಿ ಮಾತಾಡುವುದರ ಬಗ್ಗೆ.

ಸಂಗಾತಿಗಳು ಕೇಳಬಹುದು: ಭೂಮಿ, ಕೂಲಿ, ಬಹಿಷ್ಕಾರದ ಮಾತು ಬರೆಯಬೇಕಾದ ಪುಟದಲ್ಲಿ ಪಾಸ್ಟರನ ಬುದ್ಧಿವಾದದ ಪುರಾಣ ಯಾಕೆ? ಆ ಚಾಪೆಯ ಮೇಲೆ ಕೂತವರು ನಮ್ಮವರೇ, ಅದಕ್ಕೆ. ನಾನು ನಂಬಿದವನಲ್ಲ. ನಮ್ಮ ಮನೆಯ ಗೋಡೆಯ ಮೇಲಿರುವುದು ಬಾಬಾಸಾಹೇಬರ ಪಟ ಒಂದೇ. ಆದರೆ ನಮ್ಮ ದೊಡ್ಡಪ್ಪನ ಮಗಳು, ನನ್ನನ್ನು ಎತ್ತಿ ಆಡಿಸಿದ ಅಕ್ಕ, ಆ ಚಾಪೆಯ ಮೇಲೆ ಹನ್ನೆರಡು ಸಲ ಕೂತು ಎದ್ದಿದ್ದಾಳೆ. ಅವಳು ಕೂತು ಎದ್ದ ಲೆಕ್ಕ ನಾನು ಇಟ್ಟಿದ್ದೇನೆ.

ನಮ್ಮೂರು ಮಾಗಳ. ಹೂವಿನ ಹಡಗಲಿ ತಾಲ್ಲೂಕು, ತುಂಗಭದ್ರೆಯ ದಂಡೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಊರು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲುಗುಡಿ ನೋಡಲು ಹೊರಗಿನವರು ಬರುತ್ತಾರೆ, ಕಂಬದ ನಯ ಹೊಗಳುತ್ತಾರೆ, ಹೋಗುತ್ತಾರೆ. ಕೇರಿಯ ಕಡೆ ತಿರುಗಿದವರನ್ನು ನಾನು ಕಂಡಿಲ್ಲ. ಹೊಳೆ ಪಕ್ಕದಲ್ಲೇ ಹರಿದರೂ ಆ ನೀರು ಹಾಯುವ ಹೊಲ ನಮ್ಮವರದಲ್ಲ. ಹಂಗಾಮು ಮುಗಿದರೆ ಗುಳೆ. ಬೆಂಗಳೂರಿನ ಗಾರೆ ಕೆಲಸ, ಮಲೆನಾಡಿನ ಕಾಫಿ ತೋಟ, ಮಂಗಳೂರಿನ ಕಲ್ಲು ಮಣ್ಣು.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದು ನೆಲೆಸಿದ್ದ. ಅವನೂ ವಿಲಿಯಂ ರೀವ್ ಎಂಬವನೂ ಸೇರಿ ಸತ್ಯವೇದವನ್ನು ಕನ್ನಡಕ್ಕೆ ತಂದರು. 1831ರ ಹೊತ್ತಿಗೆ ಇಡೀ ಪುಸ್ತಕ ಅಚ್ಚಾಗಿತ್ತು. ಹೊಳೆಯಾಚೆ ಬಾಸೆಲ್ ಮಿಷನ್ನಿನವರು 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗಿನ ಬೆಟಗೇರಿಗೆ ಬಂದರು. ಇಷ್ಟು ಹತ್ತಿರವಿದ್ದರೂ ನಮ್ಮ ಕೇರಿಗೆ ಯೇಸು ಬಂದದ್ದು ಯಾವ ದೊರೆಯ ಕುದುರೆಯ ಮೇಲೂ ಅಲ್ಲ, ಗುಳೆಯಿಂದ ಮರಳಿದ ಲಾರಿಯಲ್ಲಿ. ಬೆಂಗಳೂರಿನ ಶೆಡ್ಡಿನಲ್ಲಿ ಜ್ವರ ಬಂದು ಮಲಗಿದವನ ತಲೆ ಮೇಲೆ ಯಾರೋ ಕೈ ಇಟ್ಟು ಪ್ರಾರ್ಥನೆ ಮಾಡಿದರು. ಮುಟ್ಟಿ ಪ್ರಾರ್ಥನೆ ಮಾಡಿದರು, ಇದನ್ನು ಗಮನಿಸಬೇಕು. ಅವನು ಊರಿಗೆ ಬಂದು ಮೊದಲು ಹೇಳಿದ ಮಾತು ದೇವರ ಬಗ್ಗೆ ಇರಲಿಲ್ಲ. ‘ಮುಟ್ಟಿದ್ರಲೇ ನನ್ನ’ ಎಂದ.

ಪಾಸ್ಟರನೂ ದೂರದವನಲ್ಲ. ನಮ್ಮಂಥದೇ ಕೇರಿಯಿಂದ ಬಂದವನು, ಚಪ್ಪಲಿ ಹೊಲಿಯುವವನ ಮಗ. ಕೆಲವು ತಿಂಗಳು ಬೈಬಲ್ ಶಾಲೆಯಲ್ಲಿ ಕಲಿತು ಬಂದಿದ್ದಾನೆ. ತಗಡಿನ ಸೂರು, ಪ್ಲಾಸ್ಟಿಕ್ ಕುರ್ಚಿ ನಾಲ್ಕು, ಒಂದು ಡೋಲಕ್ಕು. ಇದನ್ನು ವಿದೇಶದ ಹಣದ ಕೋಟೆ ಎಂದು ಕೂಗುವವರು ಒಮ್ಮೆ ಬಂದು ಆ ತಗಡು ಎಣಿಸಲಿ.

ಈ ಕೂಡಿಸಿ ಮಾತಾಡುವುದು ಕೇರಿಗೆ ಏನು ಕೊಟ್ಟಿತು ಎಂಬುದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಮದುವೆಗೆ ಮುಂಚೆ ಮೂರು ಸಂಜೆ ಹುಡುಗ ಹುಡುಗಿಯನ್ನು ಎದುರುಬದುರು ಕೂಡಿಸುತ್ತಾರೆ. ಹುಡುಗನಿಗೆ ಪ್ರಶ್ನೆಗಳು: ಕುಡೀತೀಯೇನು? ಸಾಲ ಎಷ್ಟೈತಿ? ಯಾರ ಹತ್ರ ಮುಂಗಡ ತಗೊಂಡೀದಿ? ಅವ್ವಗೂ ಹೇಣ್ತಿಗೂ ಜಗಳ ಆದ್ರ ಯಾರ ಬಾಜೂಕ ನಿಂದರತಿ? ಹುಡುಗಿಗೂ ಒಂದು ಪ್ರಶ್ನೆ ಇರುತ್ತದೆ: ಈ ಹುಡುಗ ನಿನಗ ಮನಸಿಗೆ ಬಂದಾನೋ, ಇಲ್ಲಾ ಮನ್ಯಾಗ ಅಂಜಿಸ್ಯಾರೋ? ನಮ್ಮ ಕೇರಿಯ ಇತಿಹಾಸದಲ್ಲಿ ಹೆಣ್ಣನ್ನು ಹತ್ತು ಜನರ ಮುಂದೆ ಹೀಗೆ ಕೇಳಿದ್ದು ಅದೇ ಮೊದಲು. ಆಮೇಲೆ ಆದಿಕಾಂಡದ ಎರಡನೆಯ ಅಧ್ಯಾಯ ತೆಗೆಯುತ್ತಾರೆ. ಅಲ್ಲಿ ಗಂಡಸು ತನ್ನ ತಂದೆತಾಯಿಯನ್ನು ಬಿಟ್ಟು ಹೆಂಡತಿಯ ಜೊತೆ ಸೇರಿಕೊಳ್ಳುತ್ತಾನೆ. ನಮ್ಮಲ್ಲಿ ಬಿಟ್ಟು ಬರುವವಳು ಹೆಣ್ಣು. ತವರಿನ ಹೊಸ್ತಿಲು ಅಳುತ್ತಾ ದಾಟುವವಳು ಅವಳು. ಆ ಪುಸ್ತಕ ಹೇಳುವುದು ಅದಕ್ಕೆ ತಿರುವುಮುರುವು. ಪಾಸ್ಟರಣ್ಣ ಇದನ್ನು ಹೇಳುವಾಗ ಮುದುಕಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವುದನ್ನು ನಾನು ನೋಡಿದ್ದೇನೆ.

ಇನ್ನೊಂದನ್ನೂ ನೋಡಿದ್ದೇನೆ. ಸಣ್ಣಾಕಿದ್ದಾಗ ಉಚ್ಚಂಗೆಮ್ಮನ ಹೆಸರಲ್ಲಿ ಮುತ್ತು ಕಟ್ಟಿ ಬಸವಿ ಬಿಟ್ಟಿದ್ದ ದೊಡ್ಡವ್ವ ಒಬ್ಬಳಿದ್ದಾಳೆ. ದೇವದಾಸಿ ಸಮರ್ಪಣೆ ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾನೂನು ಮಾಡಿತು. ಬಸವಿಯಾದವಳ ಮದುವೆಯೂ ಊರ್ಜಿತ, ಅವಳ ಮಕ್ಕಳೂ ಸಕ್ರಮ ಎಂದು ಅದರಲ್ಲಿ ಬರೆದಿದೆ. ಬರೆದದ್ದೇ ಬಂತು, ಅವಳಿಗೆ ಮದುವೆ ಮಾಡಲು ಯಾವ ಅಯ್ಯನೂ ಬರಲಿಲ್ಲ, ಕಟ್ಟೆಯೂ ಒಪ್ಪಲಿಲ್ಲ. ನಲವತ್ತು ದಾಟಿದ ಮೇಲೆ ಪ್ರಾರ್ಥನೆ ಮನೆಯಲ್ಲಿ ಒಬ್ಬ ಹೆಂಡತಿ ಸತ್ತವನ ಜೊತೆ ಉಂಗುರ ಬದಲಿಸಿಕೊಂಡಳು. ಅವಳ ಬೆಳೆದ ಮಗ ಪಕ್ಕದಲ್ಲಿ ನಿಂತಿದ್ದ. ಕ್ರಾಂತಿಯ ಮಾತಾಡುವ ನಾವು ಆ ದಿನ ಎಲ್ಲಿದ್ದೆವು? ಹಡಗಲಿಯಲ್ಲಿ ಒಂದು ವಿಚಾರ ಸಂಕಿರಣ ಇತ್ತು, ಅಲ್ಲಿದ್ದೆವು.

ಈಗ ಅಕ್ಕನ ಮಾತು. ಅವಳ ಮದುವೆ ಆದದ್ದು 2004ರಲ್ಲಿ, ಹತ್ತಿರದ ಒಂದು ಹಳ್ಳಿಗೆ. ಮಾವ ಮೊದಲು ಕುಡಿಯುತ್ತಿದ್ದ. ಚಾಪೆಯ ಮೇಲೆ ಕೂಡಿಸಿ ಮಾತಾಡಿದ ಮೇಲೆ ಬಿಟ್ಟ. ಬಿಟ್ಟದ್ದು ಸುಳ್ಳಲ್ಲ. ಕುಡಿತಕ್ಕೆ ಹೋಗುತ್ತಿದ್ದ ದುಡ್ಡಲ್ಲಿ ಎರಡು ಆಡು ಬಂದವು, ಆಮೇಲೆ ಒಂದು ಎಮ್ಮೆ, ಗುಡಿಸಲಿಗೆ ತಗಡು. ಮಗ ಹುಟ್ಟಿದ. ಭಾನುವಾರ ಮೂವರೂ ತೊಳೆದ ಬಟ್ಟೆ ತೊಟ್ಟು ಹೊರಟರೆ ಊರಿನ ಓಣಿಯವರಿಗೂ ಹೊಟ್ಟೆಕಿಚ್ಚಾಗುವಂತಿತ್ತು. ಹನ್ನೆರಡು ವರ್ಷ ಹೀಗೆ ನಡೆಯಿತು.

ಆಮೇಲೆ ಅವಳು ಸ್ವಸಹಾಯ ಸಂಘದ ಲೆಕ್ಕ ಬರೆಯತೊಡಗಿದಳು. ಬ್ಯಾಂಕಿಗೆ ಓಡಾಟ, ಕೈಯಲ್ಲೊಂದು ಫೋನು. ಮಾವನಿಗೆ ಅನುಮಾನ ಹತ್ತಿತು. ಹೊಡೆತ ಶುರುವಾಯಿತು. ಒಂದು ಹನಿ ಕುಡಿಯದೆ, ಎಚ್ಚರವಿದ್ದು, ಪ್ರಾರ್ಥನೆ ಮುಗಿಸಿ ಬಂದು ಹೊಡೆಯುತ್ತಿದ್ದ. ಪಾಸ್ಟರನ ಲೆಕ್ಕಕ್ಕೆ ಇದು ಸಿಗಲೇ ಇಲ್ಲ. ಗಂಡಸು ಹೊಡೆದರೆ ಅದು ಸಾರಾಯಿಯೊಳಗಿನ ಸೈತಾನ ಎಂದು ಅವನು ಕಲಿತಿದ್ದ, ಕಲಿಸಿದ್ದ. ಸಾರಾಯಿ ಇಲ್ಲದ ಮೇಲೆ ಸೈತಾನ ಯಾರೊಳಗೆ? ಹುಡುಕಿ ಹುಡುಕಿ ಅವನು ಅಕ್ಕನ ಕಡೆ ತಿರುಗಿದ.

‘ಅವಗ ಸಿಟ್ಟು ಬರೋಹಂಗ ನೀ ಏನಂದೆವಾ?’

‘ಏನೂ ಅಂದಿಲ್ಲಣ್ಣ. ರೊಟ್ಟಿ ಬಡಿಯಾಕತ್ತಿದ್ದೆ.’

‘ಏನಾರ ಅಂದಿರ್ತೀದಿ. ನೆನಪು ಮಾಡ್ಕೊ.’

ನೆನಪು ಮಾಡಿಕೊಳ್ಳುವುದೇ ಅವಳ ಕೆಲಸವಾಯಿತು. ಪೌಲ ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ, 22ನೆಯ ವಾಕ್ಯ: ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂಬುದು. ಓದಿ ಪುಸ್ತಕ ಮುಚ್ಚುವುದು. ಇನ್ನೊಂದು ಸಲ ಪೇತ್ರನ ಮಾತು: ಹೆಂಡತಿಯ ಸದ್ದಿಲ್ಲದ ನಡತೆ ನೋಡಿಯೇ ಗಂಡ ಬದಲಾಗುತ್ತಾನೆ ಎಂಬುದು. ಪುಸ್ತಕ ಮುಚ್ಚುವುದು. ಅಕ್ಕ ಏಳು ಶುಕ್ರವಾರ ಉಪವಾಸ ಮಾಡಿದಳು. ಎಂಟನೆಯ ವಾರ ಎಡಗೈ ಮುರಿಯಿತು. ಆಸ್ಪತ್ರೆಯಲ್ಲಿ ‘ಕಟ್ಟಿ ಮ್ಯಾಲಿಂದ ಬಿದ್ದೆ’ ಎಂದು ಬರೆಸಿದಳು.

ನಾನು ಹೋಗಿ ‘ನಡಿ, ಕೇಸ್ ಹಾಕೋಣ’ ಎಂದೆ. ಅವಳು ಅಲುಗಲಿಲ್ಲ. ಅಂಜಿಕೆ ಹೊಡೆತದ್ದಲ್ಲ, ಗಂಡ ಹೇಳಿದ ಒಂದು ಮಾತಿನದು. ಅದನ್ನು ಅವಳು ನನಗೆ ಹಾಗೇ ಒಪ್ಪಿಸಿದಳು: ‘ಹೋಗು ಕೋರ್ಟಿಗೆ. ಮದುವಿ ಫೋಟೊ ತೋರಸು. ಫೋಟೊದಾಗ ಪಾಸ್ಟರ ಅದಾನ, ಸತ್ಯವೇದ ಐತಿ, ಉಂಗುರ ಐತಿ. ತೋರಿಸಿದ ಮ್ಯಾಲೆ ಮಗನ ಜಾತಿ ಸರ್ಟಿಪಿಕೇಟು ಏನಾಗತೈತಿ ನೋಡು. ಹಾಸ್ಟೆಲಿಂದ ಹೊರಗ ಹಾಕ್ತಾರ.’

ಗೆಳೆಯರೇ, ಇಡೀ ಲೇಖನದ ಗಂಟು ಇರುವುದು ಇಲ್ಲಿ. ಓದು ಅರ್ಧಕ್ಕೆ ಬಿಟ್ಟ ಒಬ್ಬ ಗಾರೆ ಕೆಲಸದವನಿಗೆ ಈ ದೇಶದ ಕಾನೂನಿನ ಮರ್ಮ ಗೊತ್ತಾಗಿತ್ತು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ ನೋಡಿ. ಹಿಂದೂ ಧರ್ಮ ಬಿಟ್ಟವನು ಪರಿಶಿಷ್ಟ ಜಾತಿಯವನಲ್ಲ ಎಂದು ಅದು ಹೇಳಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದ ಮಾದಿಗ, ಮುಸಲ್ಮಾನನಾದ ಹೊಲೆಯ ಹೊರಗೇ ಉಳಿದರು. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬುವರು ಸುಪ್ರೀಂ ಕೋರ್ಟಿನ ತನಕ ಹೋದರು. ಪಕ್ಕದಲ್ಲಿ ಅದೇ ಚಪ್ಪಲಿ ಹೊಲಿಯುವ ಹಿಂದೂ ಚಮ್ಮಾರರಿಗೆ ಸರ್ಕಾರ ಗೂಡಂಗಡಿ ಕೊಟ್ಟು, ಕ್ರೈಸ್ತ ಎಂಬ ಕಾರಣಕ್ಕೆ ಅವರಿಗೆ ಕೊಡಲಿಲ್ಲ. 1985ರಲ್ಲಿ ಕೋರ್ಟು, ಮತ ಬದಲಿಸಿದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಎಂದು ಸಾಬೀತಾಗಿಲ್ಲ ಎಂದು ಅರ್ಜಿ ತಳ್ಳಿಹಾಕಿತು. ರಸ್ತೆಬದಿ ಕೂತು ಚರ್ಮ ಹೊಲಿಯುವುದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಬೇಕಿತ್ತೋ! ಕರ್ನಾಟಕದಲ್ಲಿ ಹೀಗೆ ಮತ ಬದಲಿಸಿದವರನ್ನು ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ಪರಿಶಿಷ್ಟರ ಹಾಸ್ಟೆಲು, ಮೀಸಲು ಕ್ಷೇತ್ರ, 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಹೋಯಿತು. ಈ ಪ್ರಶ್ನೆ ನೋಡಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪುದುಚೇರಿಯ ಒಬ್ಬ ಹೆಣ್ಣುಮಗಳ ಪ್ರಕರಣದಲ್ಲಿ ಮತ್ತೆ ಹಳೆಯದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿತು.

ಹೀಗಾಗಿ ನಮ್ಮ ಕೇರಿಯ ನಂಬಿದವರು ಭಾನುವಾರ ಒಂದು, ಸೋಮವಾರ ಒಂದು ಆಗಿ ಬದುಕುತ್ತಾರೆ. ಊರಿನ ಸವರ್ಣೀಯರ ಕಣ್ಣಿಗೆ ಎರಡೂ ದಿನ ಅವರು ಕೇರಿಯವರೇ. ಇದನ್ನು ಮೋಸ ಎನ್ನುವವರು ನಮ್ಮ ಬಾವಿಯ ಹತ್ತಿರ ಬಂದು ನಿಂತು ಹೇಳಲಿ.

ಆದರೆ ಈ ಎರಡು ಬದುಕಿನ ಭಾರ ಪೂರಾ ಬೀಳುವುದು ಹೆಂಗಸಿನ ಮೇಲೆ. 1872ರ ಕ್ರೈಸ್ತ ವಿವಾಹ ಕಾಯ್ದೆಯ ನಾಲ್ಕನೆಯ ಕಲಮಿನ ಪ್ರಕಾರ, ಇಬ್ಬರಲ್ಲಿ ಒಬ್ಬರು ಕ್ರೈಸ್ತರಿದ್ದರೂ ಮದುವೆ ಆ ಕಾಯ್ದೆಯಂತೆಯೇ ಆಗಬೇಕು, ಇಲ್ಲದಿದ್ದರೆ ಅದು ಶೂನ್ಯ. ಮಾಡಿಸುವವನಿಗೆ ಅಧಿಕಾರ ಇರಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ನಮ್ಮ ಪಾಸ್ಟರನಿಗೆ ಲೈಸೆನ್ಸಿಲ್ಲ, ರಿಜಿಸ್ಟರೂ ಇಲ್ಲ. ಇದ್ದಿದ್ದರೂ ಅದರಲ್ಲಿ ಯಾರೂ ಹೆಸರು ಬರೆಸುತ್ತಿರಲಿಲ್ಲ, ಕಾರಣ ಮೇಲೆ ಹೇಳಿದ್ದೇ. ಹಿಂದೂ ವಿವಾಹ ಕಾಯ್ದೆಗೆ ಹೋದರೆ ಸಪ್ತಪದಿಯೋ ಕುಲಾಚಾರದ ಶಾಸ್ತ್ರವೋ ಆಗಿರಬೇಕು. ಅದೂ ಇಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದ ಹೆಣ್ಣು ಯಾವ ಕಾನೂನಿನ ಹೆಂಡತಿ? ಕಾಗದದ ಮೇಲೆ ಯಾವುದರದೂ ಅಲ್ಲ. ಹಾಗಾಗಿ ಅವಳಿಗಿದ್ದ ಒಂದೇ ಕೋರ್ಟು ಆ ಚಾಪೆ. ಅಲ್ಲಿ ಯಾವ ವಾಕ್ಯ ಓದುತ್ತಾರೆ, ಎಲ್ಲಿಗೆ ನಿಲ್ಲಿಸುತ್ತಾರೆ ಎಂಬುದು ಭಕ್ತಿಯ ಸಂಗತಿಯಾಗಿ ಉಳಿಯುವುದಿಲ್ಲ. ಅವಳ ಮೂಳೆಯ ಸಂಗತಿ ಆಗುತ್ತದೆ.

ಕಾಗದ ಸರಿಯಿದ್ದ ಕ್ರೈಸ್ತ ಹೆಂಗಸಿನ ಪಾಡೂ ಬಹಳ ಕಾಲ ಚೆನ್ನಾಗಿರಲಿಲ್ಲ. 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡಸಿಗೆ ಹೆಂಡತಿಯ ಹಾದರ ಒಂದು ತೋರಿಸಿದರೆ ಸಾಕಿತ್ತು. ಹೆಂಗಸು ಗಂಡನ ಹಾದರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ಸೇರಿಸಿ ತೋರಿಸಬೇಕಿತ್ತು. ಬರೀ ಹೊಡೆತ ಲೆಕ್ಕಕ್ಕಿರಲಿಲ್ಲ. ಈ ಕಾನೂನು ತಂದ ಇಂಗ್ಲೆಂಡೇ ತನ್ನ ನೆಲದಲ್ಲಿ ಈ ತಾರತಮ್ಯವನ್ನು 1923ರಲ್ಲಿ ತೆಗೆದುಹಾಕಿತು. ನಮ್ಮಲ್ಲಿ ತಿದ್ದಲು 2001 ಆಗಬೇಕಾಯಿತು, ಅಂದರೆ 132 ವರ್ಷ.

ಇಲ್ಲಿ ನನಗೆ ಸಿಟ್ಟು ತರಿಸುವ ಇನ್ನೊಂದು ವಿಷಯವಿದೆ. ನಮ್ಮ ಕೇರಿಗೆ ಈ ಕಟ್ಟು ಮೊದಲು ಇರಲಿಲ್ಲ. ನಮ್ಮಲ್ಲಿ ಉಡಿಕಿ ಇತ್ತು. ಗಂಡ ಸತ್ತವಳು, ಗಂಡನ ಸಂಗಡ ಬಾಳಲಾಗದೆ ಬಿಟ್ಟು ಬಂದವಳು, ದೈವದ ಮುಂದೆ ಬಿಡುಗಡೆ ಪಡೆದು, ಸೀರೆ ಉಡಿಸಿಕೊಂಡು ಇನ್ನೊಬ್ಬನ ಜೊತೆ ಬದುಕು ಕಟ್ಟುತ್ತಿದ್ದಳು. ನಮ್ಮಜ್ಜಿಯೇ ಉಡಿಕಿಯಾದವಳು, ಮೊದಲ ಗಂಡ ಹೊಡೆಯುತ್ತಾನೆಂದು ಒಂದು ರಾತ್ರಿ ನಡೆದು ಬಂದವಳು. ಮೇಲ್ಜಾತಿಯ ಹೆಣ್ಣು ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕೂತಿದ್ದ ಕಾಲದಲ್ಲಿ ನಮ್ಮ ಹೆಣ್ಣಿಗೆ ಈ ದಾರಿ ಇತ್ತು. ಕಟ್ಟೆ ಚಿನ್ನದ ಕಟ್ಟೆಯೇನಲ್ಲ. ದಂಡ ಹಾಕುತ್ತಿತ್ತು, ಮುತ್ತು ಕಟ್ಟಿಸುತ್ತಿದ್ದದ್ದೂ ಅದೇ ಹಿರಿಯರು. ಆದರೂ ಬಾಗಿಲೊಂದು ತೆರೆದಿತ್ತು. ನಂಬಿಕೆಗೆ ಬಂದ ಮೇಲೆ ‘ಉಡಿಕಿ ಪಾಪ, ದೇವರು ಕೂಡಿಸಿದ್ದನ್ನು ಮನುಷ್ಯ ಬೇರೆ ಮಾಡಬಾರದು’ ಎಂಬ ಮಾತು ಬಂತು. ಮರ್ಯಾದಸ್ಥರಾಗುವ ಆಸೆಗೆ ನಾವು ತೆತ್ತ ಬೆಲೆ ಇದು. ಗುಡಿಯ ಕಡೆ ಹೋಗಿ ಮರ್ಯಾದಸ್ಥರಾದವರೂ ಇದನ್ನೇ ತೆತ್ತರು, ಅದನ್ನೂ ಮರೆಯುವುದು ಬೇಡ.

ಯೇಸು ಆ ಮಾತು ಹೇಳಿದ್ದು ಯಾರಿಗೆ? ಮತ್ತಾಯನ ಹತ್ತೊಂಬತ್ತನೆಯ ಅಧ್ಯಾಯ ತೆಗೆದು ನಾನೇ ಓದಿದೆ. ಯಾವ ಕಾರಣಕ್ಕಾದರೂ ಸರಿ, ಹೆಂಡತಿಯನ್ನು ಬಿಟ್ಟುಬಿಡಬಹುದೇ ಎಂದು ಗಂಡಸರು ಬಂದು ಕೇಳುತ್ತಾರೆ. ಒಂದು ಚೀಟಿ ಬರೆದುಕೊಟ್ಟು ಹೆಂಡತಿಯನ್ನು ಬೀದಿಗೆ ಅಟ್ಟುವ ಅಧಿಕಾರ ಅವರಿಗಿತ್ತು. ಅದಕ್ಕೆ ತಡೆ ಹಾಕಿದ ಮಾತು ಅದು. ಹೆಂಗಸನ್ನು ಬೀದಿಗೆ ಬೀಳದಂತೆ ಕಾಯಲು ಕಟ್ಟಿದ ಗೋಡೆಯನ್ನೇ ಅವಳು ಹೊರಗೆ ಓಡದಂತೆ ತಡೆಯಲು ಬಳಸಿದರೆ ಏನೆನ್ನಬೇಕು? ಇನ್ನೂ ಹಳೆಯ ವಿಮೋಚನಕಾಂಡದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ, ದಾಸಿಯಾಗಿ ಬಂದು ಹೆಂಡತಿಯಾದವಳಿಗೂ ಅನ್ನ, ಬಟ್ಟೆ, ದಾಂಪತ್ಯ ಮೂರನ್ನೂ ಕೊಡದಿದ್ದರೆ ಅವಳು ಹಣ ಕೊಡದೆ ಬಿಡುಗಡೆಯಾಗಿ ಹೋಗಬಹುದು ಎಂದಿದೆ. ಜೀತದ ಹೆಣ್ಣಿಗೆ ಮೋಶೆಯ ಕಾಲದಲ್ಲಿ ಇದ್ದ ಹಕ್ಕು ನಮ್ಮಕ್ಕನಿಗೆ ಇಲ್ಲ!

ಆ ಹನ್ನೆರಡನೆಯ ಕೂಟಕ್ಕೆ ನಾನೂ ಹೋಗಿದ್ದೆ, ಬಾಗಿಲ ಹತ್ತಿರ ಕೂತಿದ್ದೆ. ಅಕ್ಕನ ಕೈಗೆ ಪಟ್ಟಿ. ಮಾವ ತಲೆ ತಗ್ಗಿಸಿ ಕೂತಿದ್ದ, ಪಶ್ಚಾತ್ತಾಪದವನ ಹಾಗೆ. ಪಾಸ್ಟರಣ್ಣ ಎಫೆಸ ತೆಗೆದ. 22 ಓದಿದ. ಪುಸ್ತಕ ಮುಚ್ಚುವಷ್ಟರಲ್ಲಿ ಹೆಂಗಸರ ಕಡೆಯಿಂದ ಆ ಬಸವಿ ಬಿಟ್ಟ ದೊಡ್ಡವ್ವ ಎದ್ದಳು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ, ಕಂದೀಲಿನ ಬೆಳಕಲ್ಲಿ ಅಕ್ಷರ ಕಲಿತವಳು. ಅವಳು ಓದುವ ಪುಸ್ತಕ ಅದೊಂದೇ, ಆದ್ದರಿಂದ ಪೂರಾ ಓದಿದ್ದಾಳೆ.

‘ಪಾಸ್ಟರಣ್ಣ, ನೀ ಯಾವಾಗ್ಲೂ ಇಪ್ಪತ್ತೆರಡು ಓದಿ ಮುಚ್ಚತಿ. ಇವತ್ತು ನಾ ಇಪ್ಪತ್ತೊಂದರಿಂದ ಓದ್ತೀನಿ. ಕೂತ್ಕೊ.’

ಬೆರಳಿಟ್ಟು, ಅಕ್ಷರ ಕೂಡಿಸಿ, ನಿಧಾನ ಓದಿದಳು. 21ರಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ, ಗಂಡಸು ಹೆಂಗಸು ಎಂಬ ಭೇದವಿಲ್ಲದೆ. 25ರಿಂದ ಗಂಡಂದಿರ ಪಾಳಿ. ಹೆಂಡತಿಗೆ ಹೇಳಿದ್ದಕ್ಕಿಂತ ಉದ್ದ ಅವರಿಗೇ ಹೇಳಿದೆ. ಕ್ರಿಸ್ತ ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಬೇಕು, ತನ್ನ ಮೈಯನ್ನು ನೋಡಿಕೊಂಡ ಹಾಗೆ ಅವಳನ್ನು ನೋಡಿಕೊಳ್ಳಬೇಕು. ಅಲ್ಲಿಗೆ ಬಂದು ನಿಲ್ಲಿಸಿ ಮಾವನ ಕಡೆ ನೋಡಿದಳು.

‘ತನ್ನ ಮೈಗೆ ತಾನ ಹೊಡ್ಕಳೋ ಗಂಡಸನ್ನ ನಾ ಎಲ್ಲೂ ನೋಡಿಲ್ಲಪಾ. ದುರುಗಮುರುಗ್ಯಾರೊಬ್ರನ್ನ ಬಿಟ್ಟು.’

ಹೆಂಗಸರ ಕಡೆ ಕಿಸಕ್ಕೆಂದು ನಗು ಬಂತು, ಆಮೇಲೆ ನಿಂತಿತು. ಯಾರೂ ಮಾತಾಡಲಿಲ್ಲ. ಪಾಸ್ಟರಣ್ಣ ಸಿಟ್ಟಾಗಲಿಲ್ಲ, ಇದನ್ನು ಅವನ ಪರವಾಗಿ ಹೇಳಬೇಕು. ಬಹಳ ಹೊತ್ತು ಪುಸ್ತಕ ನೋಡುತ್ತಾ ಕೂತ. ಗ್ರೀಕ್ ಮೂಲದ ಹಳೆಯ ಪ್ರತಿಗಳಲ್ಲಿ 22ನೆಯ ವಾಕ್ಯಕ್ಕೆ ಸ್ವಂತದ ಕ್ರಿಯಾಪದವೇ ಇಲ್ಲವಂತೆ; ಅದು 21ರ ಕ್ರಿಯಾಪದದ ಮೇಲೆ ನಿಂತಿದೆ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ದೊಡ್ಡವ್ವನಿಗೆ ಗ್ರೀಕ್ ಬೇಕಾಗಲಿಲ್ಲ.

ಮುಂದಿನ ವಾರ ಪಾಸ್ಟರಣ್ಣ ಇಬ್ಬರು ಹಿರಿಯರನ್ನು ಕರೆದುಕೊಂಡು ಮಾವನ ಮನೆಗೆ ಹೋದ, ಅಕ್ಕನನ್ನು ಕೂಡಿಸದೆ. ಹೊಡೆಯುವುದು ನಿಲ್ಲುವ ತನಕ ಕರ್ತನ ಭೋಜನ ಇಲ್ಲ ಎಂದ. ರೊಟ್ಟಿಯ ಚೂರು, ದ್ರಾಕ್ಷಾರಸದ ಹನಿ ಎಂದು ನಾವು ನಗಬಹುದು. ಎಲ್ಲರೂ ಸಾಲಿನಲ್ಲಿ ಹೋಗುವಾಗ ಒಬ್ಬನೇ ಕೂತಿರುವುದು ಕೇರಿಯ ಗಂಡಸಿಗೆ ಎಷ್ಟು ದೊಡ್ಡ ಶಿಕ್ಷೆ ಎಂದು ನಾನು ನೋಡಿದೆ. ಆದರೂ ಕೋರ್ಟಿನ ಮಾತು ಬಂದಾಗ ಪಾಸ್ಟರಣ್ಣ ಅಡ್ಡ ಬಂದ. ನಂಬಿದವರು ತಮ್ಮ ವ್ಯಾಜ್ಯವನ್ನು ನಂಬದವರ ಮುಂದೆ ಒಯ್ಯಬಾರದು ಎಂದು ಪೌಲ ಕೊರಿಂಥದವರಿಗೆ ಬರೆದಿದ್ದಾನಲ್ಲ ಎಂದ. ನಾನಂದೆ: ‘ಪಾಸ್ಟರಣ್ಣ, ಅದೇ ಪೌಲನ್ನ ಚಾವಟಿಯಿಂದ ಹೊಡಿಯಾಕ ಕಟ್ಟಿದಾಗ ಏನಂದ? ಪ್ರಾರ್ಥನೆ ಮಾಡ್ಕಂತ ನಿಂತ್ನಾ? ನಾ ರೋಮಿನ ಪ್ರಜೆ, ವಿಚಾರಣೆ ಇಲ್ದ ಹೆಂಗ ಹೊಡೀತೀರಿ ಅಂದ. ಆಮ್ಯಾಲೆ ಕೈಸರನ ತನಕ ಅಪೀಲು ಹೋದ. ಪೌಲನ ಬೆನ್ನಿಗೆ ಕಾನೂನು, ನಮ್ಮಕ್ಕನ ಬೆನ್ನಿಗೆ ಉಪವಾಸ ಏನು?’ ಅಪೊಸ್ತಲರ ಕೃತ್ಯಗಳು ಇಪ್ಪತ್ತೆರಡನೆಯ ಅಧ್ಯಾಯ. ಅವನು ಅದನ್ನು ತೆಗೆದು ನೋಡಿದ. ಉತ್ತರ ಕೊಡಲಿಲ್ಲ, ಅಡ್ಡವೂ ಬರಲಿಲ್ಲ.

ಹಳ್ಳಿಯ ಮೇಷ್ಟರುಗಳು ಓದುವ ಪತ್ರಿಕೆ ಇದು, ಆದ್ದರಿಂದ ಮುಂದಿನದನ್ನು ಬಿಡಿಸಿ ಬರೆಯುತ್ತೇನೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಂಗಸಿನ ಧರ್ಮ ಯಾವುದೆಂದು ಕೇಳುವುದಿಲ್ಲ. ಮದುವೆಯ ಶಾಸ್ತ್ರ ಯಾವುದೆಂಬುದು ಅದಕ್ಕೆ ಮುಖ್ಯವಲ್ಲ. ಮದುವೆಯಂಥ ಸಂಬಂಧದಲ್ಲಿ ಒಂದೇ ಸೂರಿನಡಿ ಬಾಳಿದ್ದರೆ ಸಾಕು. ರೇಷನ್ ಕಾರ್ಡು, ಮತದಾರರ ಪಟ್ಟಿ, ಮಗುವಿನ ಶಾಲೆಯ ದಾಖಲಾತಿ ಇವೇ ಅವರು ಒಟ್ಟಿಗೆ ಬಾಳಿದ್ದಕ್ಕೆ ಸಾಕ್ಷಿ. ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರ ಮುಂದೆ ಕೌಟುಂಬಿಕ ಘಟನಾ ವರದಿ ಬರೆಸಬೇಕು. ವಕೀಲರ ಫೀಜಿಗೆ ಅಂಜಬೇಕಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಯಾವ ಹೆಂಗಸಿಗೂ, ಆದಾಯ ಎಷ್ಟೇ ಇರಲಿ, ಪುಕ್ಕಟೆ ನೆರವಿದೆ. ಇನ್ನು ಮುಂದೆ ಮದುವೆ ಮಾಡುವವರು 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸುವುದು ಮೇಲು. ಅದು ಯಾವ ಧರ್ಮದ ಶಾಸ್ತ್ರವನ್ನೂ ಕೇಳುವುದಿಲ್ಲ.

ಆ ಕಾಯ್ದೆಯಲ್ಲೂ ಸಮಾಲೋಚನೆ ಇದೆ, 14ನೆಯ ಕಲಮು. ಅದರ 2006ರ ನಿಯಮಗಳಲ್ಲಿ ಒಂದು ಮಾತು ಓದಿ ನಾನು ಪುಸ್ತಕ ಕೆಳಗಿಟ್ಟು ಕೂತೆ. ಹೊಡೆದವನು ತಾನು ಯಾಕೆ ಹೊಡೆದೆ ಎಂಬ ಸಮರ್ಥನೆಯನ್ನು ಸಮಾಲೋಚನೆಯಲ್ಲಿ ಹೇಳುವಂತೆಯೇ ಇಲ್ಲ, ಮತ್ತು ಹಾಗೆಂದು ಅವನಿಗೆ ಮೊದಲೇ ತಿಳಿಸಬೇಕು. ನೀ ಏನಂದೆವಾ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಇದನ್ನು ಕನ್ನಡದಲ್ಲಿ ಬರೆದು ಪಾಸ್ಟರಣ್ಣನಿಗೆ ಕೊಟ್ಟೆ. ಸತ್ಯವೇದದ ಒಳಗೆ ಇಟ್ಟುಕೊಂಡ. ಎಲ್ಲಿ ಇಟ್ಟನೋ, ಓದಿದನೋ ಕೇಳಿಲ್ಲ. ಕಥೋಲಿಕರ ಪೋಪ್ ಫ್ರಾನ್ಸಿಸ್ ಕೂಡ 2016ರಲ್ಲಿ ಕುಟುಂಬದ ಬಗ್ಗೆ ಬರೆದ ದೊಡ್ಡ ಪತ್ರದಲ್ಲಿ, ಹಿಂಸೆ ಇರುವ ಕಡೆ ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಎಂದಿದ್ದಾರೆ. ರೋಮಿನಲ್ಲಿ ಬರೆದದ್ದು ನಮ್ಮ ತಗಡಿನ ಸೂರಿಗೆ ಬರುವಷ್ಟರಲ್ಲಿ ಎಷ್ಟು ಕೈ ಮುರಿಯಬೇಕೋ.

ನಮ್ಮವರಿಗೂ ಒಂದು ಮಾತು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಿಂದ ಮಾಡಿದರು. ಆಮೇಲೆ ನಮ್ಮ ಸಂಘಟನೆಗಳಲ್ಲಿ ಹಾರ ಬದಲಿಸುವ ಸರಳ ಮದುವೆಗಳು ಎಷ್ಟೋ ಆದವು. ಒಳ್ಳೆಯದಾಯಿತು. ಆದರೆ ಹಾರ ಬಾಡಿದ ಮೇಲೆ ಆ ಮನೆಗಳಲ್ಲಿ ಏನು ನಡೆಯುತ್ತಿದೆ ಎಂದು ಕೇಳುವ ಚಾಪೆ ನಮ್ಮಲ್ಲಿ ಎಲ್ಲಿದೆ? ವೇದಿಕೆಯ ಮೇಲೆ ಮನುವನ್ನು ಸುಟ್ಟು ಮನೆಗೆ ಹೋಗಿ ಹೆಂಡತಿಯ ಜುಟ್ಟು ಹಿಡಿಯುವ ಸಂಗಾತಿಯ ಮನೆಗೆ ಇಬ್ಬರು ಹಿರಿಯರು ಹೋಗಿ ‘ನಿಲ್ಲಿಸುವ ತನಕ ನಿನಗೆ ಮೈಕಿಲ್ಲ’ ಎಂದದ್ದನ್ನು ನಾನು ಕೇಳಿಲ್ಲ. ಪಾಸ್ಟರನನ್ನು ನೋಡಿ ನಗುವ ಮೊದಲು ಇಷ್ಟನ್ನು ಯೋಚಿಸಬಹುದು.

2019ರಲ್ಲಿ ಅಕ್ಕನ ಅರ್ಜಿ ಬರೆದದ್ದು ನಾನು, ಹೆಬ್ಬೆಟ್ಟು ಬೇಡವೆಂದು ಸಹಿ ಹಾಕಿದ್ದು ಅವಳು. ಫೋಟೊ ಇಡಲಿಲ್ಲ, ಇಡುವ ಅಗತ್ಯವೂ ಬೀಳಲಿಲ್ಲ. ಅರವತ್ತು ದಿನದೊಳಗೆ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಡುವೆ ಕೊರೊನಾ ಬಂತು, ಒಂದು ವರ್ಷದ ಮೇಲಾಯಿತು. ತಿಂಗಳಿಗೆ ಮೂರು ಸಾವಿರ ರೂಪಾಯಿ ಕೊಡಬೇಕು, ಅವಳಿದ್ದ ಕಡೆ ಹೋಗಿ ಕೈ ಮಾಡಬಾರದು ಎಂದು ಆದೇಶವಾಯಿತು. ಹಣ ಒಂದು ತಿಂಗಳು ಬಂದರೆ ಎರಡು ತಿಂಗಳು ಬರುವುದಿಲ್ಲ. ಮಗ ಹಾಸ್ಟೆಲಿನಲ್ಲೇ ಇದ್ದು ಓದು ಮುಗಿಸಿದ.

ಅಕ್ಕ ಈಗ ಮಾಗಳದಲ್ಲಿ ತವರಿನಲ್ಲಿದ್ದಾಳೆ. ಹೊತ್ತು ಮೂಡುವ ಮುಂಚೆ ಎದ್ದು ಪರರ ತೋಟದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುತ್ತಾಳೆ. ಎಡಗೈ ಪೂರಾ ಮಡಚಲು ಬರುವುದಿಲ್ಲ, ಬಲಗೈಯಲ್ಲೇ ಎರಡರ ಕೆಲಸ ಮಾಡುತ್ತಾಳೆ. ಉಡಿಕಿಯ ಮಾತು ನಮ್ಮವ್ವ ಒಮ್ಮೆ ಎತ್ತಿದಳು. ಹಡಗಲಿ ಕಡೆಯ ಒಬ್ಬ, ಹೆಂಡತಿ ತೀರಿಕೊಂಡವನು, ನಂಬಿದವನೇ. ಅಕ್ಕ ಹ್ಞೂಂ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ. ‘ಪಾಸ್ಟರಣ್ಣನ್ನ ಕೇಳ್ಬೇಕು’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ದೊಡ್ಡವ್ವನೂ ಅವತ್ತು ಅಲ್ಲಿ ಇರ್ಬೇಕು’ ಎಂದಳು.